ಭವ್ಯವಾದದ್ದನ್ನು ನೋಡಿದರೆ ಮನುಷ್ಯ ಒಳ್ಳೆಯವನಾಗುತ್ತಾನಾ?

ಪ್ರಶ್ನೆ: ಎತ್ತರದ ಬೆಟ್ಟ, ಭೋರ್ಗರೆಯುವ ಕಡಲು ನೋಡಿದಾಗ ನಮ್ಮ ಅಹಂಕಾರ ಇಳಿಯುತ್ತದೆ ಅಂತಾರೆ. ತತ್ವಶಾಸ್ತ್ರದಲ್ಲಿ 'ಭವ್ಯ' ಅನ್ನುವುದು ಇದನ್ನೇನಾ? ಇದಕ್ಕೂ ನೀತಿಗೂ ನಂಟಿದೆಯಾ?

ಉತ್ತರ: ನಂಟಿದೆ. ಆದರೆ ಬೆಟ್ಟ ನೋಡಿ ಬಂದವರೆಲ್ಲ ಒಳ್ಳೆಯವರಾಗುತ್ತಾರೆ ಅನ್ನುವ ಅರ್ಥದಲ್ಲಿ ಅಲ್ಲ.

ಹೂವು ಚೆಲುವು. ನೋಡಿದರೆ ಹಿತ, ಅಷ್ಟೇ. ಬಿರುಗಾಳಿಯ ಹೊತ್ತಿನ ಕಡಲು ಹಾಗಲ್ಲ. ಅಲೆ ಬಂಡೆಗೆ ಅಪ್ಪಳಿಸಿದಾಗ ಎದೆ ಝಲ್ ಅನ್ನುತ್ತದೆ. ಕಾಲು ತಾನಾಗಿ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ, ಕಣ್ಣು ಮಾತ್ರ ಅಲ್ಲೇ ನೆಟ್ಟಿರುತ್ತದೆ. ಇದು ಭವ್ಯ. ಅದೇ ಅಲೆ ನೀವು ಕೂತ ದೋಣಿಗೆ ಬಡಿದರೆ ಭವ್ಯವೂ ಇಲ್ಲ ಏನೂ ಇಲ್ಲ, ಬರೀ ಭಯ.

ಬ್ರಿಟನ್ನಿನ ಚಿಂತಕ ಎಡ್ಮಂಡ್ ಬರ್ಕ್ 1757ರಲ್ಲಿ ಹೇಳಿದ್ದು ಇದನ್ನೇ: ಭವ್ಯದ ಬೇರು ಭಯದಲ್ಲಿದೆ, ಅಪಾಯ ತೀರಾ ಮೈಮೇಲೆ ಬರಬಾರದು. ಅವನ ಒಂದು ಉದಾಹರಣೆ ಮರೆಯುವಂಥದ್ದಲ್ಲ. ಅದ್ಭುತವಾದ ದುರಂತ ನಾಟಕ ಶುರುವಾಗಬೇಕು, ಜನ ಕಾದು ಕೂತಿದ್ದಾರೆ. ಪಕ್ಕದ ಚೌಕದಲ್ಲಿ ದೊಡ್ಡ ಮನುಷ್ಯನೊಬ್ಬನಿಗೆ ಮರಣದಂಡನೆ ಅಂತ ಸುದ್ದಿ ಬಂದರೆ? ಒಂದೇ ಕ್ಷಣದಲ್ಲಿ ಥಿಯೇಟರ್ ಖಾಲಿ! ಹಾಗೆ ಎಳೆಯುವುದು ಸಹಾನುಭೂತಿ ಅಂತ ಬರ್ಕ್‌ನ ವಾದ. ಅಪಘಾತವಾದಲ್ಲಿ ಮೊದಲು ಮೇಲೇಳುವುದು ಮೊಬೈಲ್ ಅನ್ನುವುದನ್ನು ಕಂಡಿರುವ ನನಗೆ ಹಾಗೆ ಹೇಳುವಷ್ಟು ಧೈರ್ಯ ಸಾಲದು.

ನೀತಿಯ ಮಾತು ಗಟ್ಟಿಯಾಗುವುದು ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್‌ನಲ್ಲಿ. 1788ರಲ್ಲಿ ಅವನು ಒಂದು ಸನ್ನಿವೇಶ ಕೊಡುತ್ತಾನೆ. ನಿರಪರಾಧಿಯೊಬ್ಬನ ವಿರುದ್ಧ ಸುಳ್ಳು ಸಾಕ್ಷಿ ಹೇಳು, ಇಲ್ಲದಿದ್ದರೆ ನಿನ್ನ ತಲೆ ಹೋಗುತ್ತದೆ ಅಂತ ರಾಜ ನಿಮ್ಮನ್ನು ಬೆದರಿಸುತ್ತಾನೆ. 'ಖಂಡಿತ ಹೇಳಲ್ಲ' ಅನ್ನುವ ಎದೆಗಾರಿಕೆ ನಿಮಗಿರಲಿಕ್ಕಿಲ್ಲ. ಆದರೆ 'ಹೇಳದೇ ಇರಲು ಸಾಧ್ಯ' ಅಂತ ಒಪ್ಪಲೇಬೇಕು, ಅಲ್ವಾ?

ಎರಡು ವರ್ಷದ ನಂತರ ಇನ್ನೊಂದು ಪುಸ್ತಕದಲ್ಲಿ ಭವ್ಯದ ಬಗ್ಗೆ ಬರೆದಾಗ ಕಾಂಟ್ ಕೈ ಹಾಕಿದ್ದು ಇಲ್ಲಿಗೇ. ಕಡಲ ಮುಂದೆ ನನ್ನ ಮೈ ಹುಲ್ಲುಕಡ್ಡಿ. ಆದರೆ ಆಸ್ತಿ, ಆರೋಗ್ಯ, ಕೊನೆಗೆ ಪ್ರಾಣವೂ ಸಣ್ಣದು ಅನ್ನಿಸುವಂಥ ಏನೋ ಒಂದು ನನ್ನೊಳಗಿದೆ. ಅದನ್ನು ಯಾವ ಅಲೆಯೂ ಮುರಿಯಲಾರದು. ಭಯದ ಜೊತೆ ಬರುವ ಖುಷಿ ಅದು ನೆನಪಾದದ್ದರಿಂದ. ಹಾಗಾಗಿ ಕಡಲು ಭವ್ಯವಲ್ಲ, ಭವ್ಯ ಇರುವುದು ನಮ್ಮಲ್ಲಿ ಅಂತ ಅವನು ಹೇಳುತ್ತಾನೆ. ಅಂದರೆ ಅಹಂಕಾರ ಇಳಿಯುವುದು ಅರ್ಧ ಕಥೆ ಮಾತ್ರ.

ಇದು ಅಪಾಯಕಾರಿ ದಾರಿಗೂ ತಿರುಗುತ್ತದೆ. ಕ್ರಮಬದ್ಧವಾಗಿ ನಡೆಸಿದ ಯುದ್ಧದಲ್ಲೂ ಭವ್ಯವಾದದ್ದೇನೋ ಇದೆ ಅಂತ ಕಾಂಟ್ ಅದೇ ಪುಸ್ತಕದಲ್ಲಿ ಬರೆದಿದ್ದಾನೆ. ನನಗಿದು ಗಂಟಲಲ್ಲಿ ಇಳಿಯುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆಯ ದಿಕ್ಕು. ಬೆಟ್ಟ ನೀತಿ ಕಲಿಸುವುದಿಲ್ಲ. ನೀತಿಯ ಅರಿವು ಬೆಳೆದಿರದಿದ್ದರೆ ಬೆಟ್ಟ ಸುಮ್ನೆ ಹೆದರಿಸುತ್ತದೆ ಅಂತ ಕಾಂಟ್ ಉಲ್ಟಾ ಹೇಳುತ್ತಾನೆ. ಅದಕ್ಕೆ ಉದಾಹರಣೆಯಾಗಿ ಆಲ್ಪ್ಸ್‌ನ ಸವಾಯ್ ಸೀಮೆಯ ಒಬ್ಬ ರೈತನನ್ನು ತರುತ್ತಾನೆ. ಹಿಮಪರ್ವತ ನೋಡಲು ಹಾತೊರೆಯುವವರೆಲ್ಲ ಮೂರ್ಖರು ಅಂತ ಆ ರೈತ ಅಂದಿದ್ದನಂತೆ. ತಮಾಷೆ ಏನೆಂದರೆ, ಆ ರೈತನನ್ನು ಕಾಂಟ್ ಒಳ್ಳೆಯವನು, ತಿಳಿವಳಿಕೆ ಉಳ್ಳವನು ಅಂತಲೇ ಕರೆಯುತ್ತಾನೆ.