ತರಕಾರಿ ಮಡಿಗೆ ದಿನವೂ ನೀರು ಹಾಕಲೇಬೇಕೇ?

ಪ್ರಶ್ನೆ: ತರಕಾರಿ ಬೆಳೆಯಲೆಂದು ನಾನು ಬಾಡಿಗೆಗೆ ಪಡೆದಿರುವ ತುಂಡು ನೆಲ ಮನೆಯಿಂದ ದೂರದಲ್ಲಿದೆ. ವಾರಕ್ಕೆ ಎರಡು ದಿನ ಮಾತ್ರ ಹೋಗಿಬರಲು ಸಾಧ್ಯ. ಮಳೆಯಿಲ್ಲದ ಈ ದಿನಗಳಲ್ಲಿ ನಿತ್ಯವೂ ನೀರು ಹಾಕದಿದ್ದರೆ ಗಿಡಗಳು ಉಳಿಯುತ್ತವೆಯೇ?

ಉತ್ತರ: ಉಳಿಯುತ್ತವೆ. ದಿನವೂ ಹೋಗಲಾಗದಿರುವುದು ನಿಮ್ಮ ಗಿಡಗಳ ಪುಣ್ಯವೆಂದೇ ಹೇಳಬೇಕು. ಈ ಮಾತನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಮಳೆ ಕೈಕೊಟ್ಟೊಡನೆ, ತರಕಾರಿ ಚಿಗುರಲಿ ಬಿಡಲಿ, ‘ದಿನಕ್ಕೆ ಒಂದಿಷ್ಟಾದರೂ ನೀರು ಕಾಣಿಸಬೇಕು’ ಎಂಬ ನಂಬಿಕೆ ಮಾತ್ರ ತಪ್ಪದೆ ಚಿಗುರುತ್ತದೆ.

ಆ ‘ಒಂದಿಷ್ಟು’ ಎಷ್ಟೆಂದು ಒಮ್ಮೆ ಲೆಕ್ಕ ಹಾಕೋಣ. 1 ಚದರ ಮೀಟರ್ ನೆಲದ ಮೇಲೆ 1 ಲೀಟರ್ ನೀರನ್ನು ಸಮನಾಗಿ ಹರಡಿದರೆ ಅದು 1 ಮಿಲಿಮೀಟರ್ ಮಳೆಗೆ ಸಮ. 10 ಲೀಟರಿನ ಒಂದು ಕ್ಯಾನ್ ನೀರನ್ನು 5 ಚದರ ಮೀಟರಿನ ಮಡಿಗೆ ಚಿಮುಕಿಸಿದವರು ಕೊಟ್ಟದ್ದು 2 ಮಿಲಿಮೀಟರ್ ಮಾತ್ರ. ಬಿಸಿಲೂ ಗಾಳಿಯೂ ಜೋರಾಗಿರುವ ದಿನ, ಗಿಡಗಳು ತುಂಬಿಕೊಂಡಿರುವ ಮಡಿಯಿಂದ ಸುಮಾರು 5 ಮಿಲಿಮೀಟರ್ ನೀರು ಮಣ್ಣಿನಿಂದಲೂ ಎಲೆಗಳಿಂದಲೂ ಆವಿಯಾಗಿ ಹೋಗುತ್ತದೆ.

ಲೆಕ್ಕದ ಮೇಲೆ ನಂಬಿಕೆಯಿಲ್ಲದವರು ನೀರು ಹಾಕಿ ಅರ್ಧ ಗಂಟೆಯಾದ ಮೇಲೆ ಕುರ್ಪಿಯಿಂದ ಒಂದು ಗೇಣು ಆಳ ಅಗೆದು ನೋಡಲಿ. ಮೇಲೆ ಬೆರಳಿನ ದಪ್ಪದಷ್ಟೂ ಇಲ್ಲದ ಕಪ್ಪು ಪದರ, ಅದರ ಕೆಳಗೆ ಬೆರಳ ಸಂದಿಯಿಂದ ಜಾರಿಹೋಗುವ ಒಣ ಪುಡಿಮಣ್ಣು. ನಾನೂ ಮೊದಲ ವರ್ಷಗಳಲ್ಲಿ ಸಂಜೆ ಸಂಜೆ ಕ್ಯಾನ್ ಹೊತ್ತು, ಕಪ್ಪಗಾದ ಮಡಿಯನ್ನು ನೋಡಿ ತೃಪ್ತಿಯಿಂದ ಮನೆಗೆ ಹೋಗುತ್ತಿದ್ದವನೇ. ಅಗೆದು ನೋಡಿದ ದಿನ ನಾಚಿಕೆಯಾಯಿತು.

ತೇವವಿರುವ ಕಡೆ ಬೇರು ಕವಲೊಡೆಯುತ್ತದೆ, ಒಣ ಮಣ್ಣಿನೊಳಗೆ ಬೆಳೆಯುವುದಿಲ್ಲ. ದಿನವೂ ಮೇಲ್ಪದರವನ್ನಷ್ಟೇ ತೋಯಿಸಿದರೆ ಬೇರುಗಳೂ ಅಲ್ಲಿಯೇ, ಎಲ್ಲಕ್ಕಿಂತ ಮೊದಲು ಕಾದು ಒಣಗುವ ಜಾಗದಲ್ಲಿಯೇ ಗುಂಪುಗೂಡುತ್ತವೆ. ಹೀಗೆ ಬೆಳೆದ ಗಿಡ ಒಂದು ದಿನ ನೀರು ತಪ್ಪಿದರೂ ಬಾಡುವುದರಿಂದ, ‘ನೋಡಿ, ದಿನವೂ ನೀರು ಬೇಕೇ ಬೇಕು’ ಎಂಬ ನಂಬಿಕೆಗೆ ಆ ಗಿಡವೇ ಸಾಕ್ಷಿಯಾಗಿ ನಿಲ್ಲುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ನೀರನ್ನೇ ಕೊಡದೆ ಬಿಟ್ಟರೆ ಬೇರು ನೀರನ್ನು ಹುಡುಕಿಕೊಂಡು ಆಳಕ್ಕೆ ಇಳಿಯುತ್ತದೆ ಎನ್ನುವವರೂ ಇದ್ದಾರೆ. ಕೆಳಗೆ ತೇವವೇ ಇಲ್ಲದಿದ್ದರೆ ಅದು ಎಲ್ಲಿಗೆ ಇಳಿಯಬೇಕು?

ಆದ್ದರಿಂದ ನೀರು ಕೊಡುವ ದಿನ ಧಾರಾಳವಾಗಿ ಕೊಡಿ. ಚದರ ಮೀಟರಿಗೆ 20 ಲೀಟರಿನಷ್ಟನ್ನು ಎರಡು ಮೂರು ಕಂತುಗಳಲ್ಲಿ, ಪ್ರತಿ ಕಂತು ಇಂಗಿದ ಮೇಲೆ ಮುಂದಿನದನ್ನು, ಗಿಡದ ಬುಡಕ್ಕೆ ಹಾಕಿ. ಬೇರೂರಿದ ಗಿಡಗಳಿಗೆ ಇದು ಹೆಚ್ಚುಕಡಿಮೆ ಒಂದು ವಾರಕ್ಕೆ ಸಾಲುತ್ತದೆ. ಮರಳು ಮಣ್ಣಿದ್ದರೆ ಅದೇ ನೀರನ್ನು ಎರಡು ಸಲಕ್ಕೆ ಹಂಚಬೇಕು. ಅಷ್ಟು ನೀರನ್ನು ಎಲ್ಲಿಂದ ತರುವುದು ಎಂದು ಕೇಳುವಿರಿ. ಎಲ್ಲ ಗಿಡಗಳಿಗೂ ಒಂದೇ ಸಮನೆ ಹಂಚುವ ನ್ಯಾಯವನ್ನು ಬಿಡಿ. ಹೂ ಬಿಟ್ಟು ಕಾಯಿ ಕಚ್ಚುತ್ತಿರುವ ಹುರುಳಿಕಾಯಿ ಮತ್ತು ಟೊಮೆಟೊಗಳಿಗೂ, ಗೆಡ್ಡೆ ಕಟ್ಟುತ್ತಿರುವ ಆಲೂಗಡ್ಡೆಗೂ ಮೊದಲ ಪಾಲು ಸಲ್ಲಲಿ. ಸೊಪ್ಪುಗಳ ಬೇರು ಮೇಲೆಯೇ ಇರುವುದರಿಂದ ನಿಮ್ಮ ಎರಡೂ ಭೇಟಿಗಳಲ್ಲಿ ಅವುಗಳಿಗೆ ನೀರು ತಪ್ಪಬಾರದು. ಹೊಸದಾಗಿ ನೆಟ್ಟ ಸಸಿಗಳು ಮಾತ್ರ ಮೊದಲ ಒಂದೆರಡು ವಾರ ಈ ನಿಯಮಕ್ಕೆ ಹೊರತು. ಅವುಗಳಿಗೆ ನೆರಳು ಕಟ್ಟಿ, ಇಲ್ಲವೇ ಪಕ್ಕದ ಮಡಿಯವರನ್ನು ನೀರು ಹಾಕಲು ಕೇಳಿಕೊಳ್ಳಿ.

ನೀರು ಇಂಗಿದ ಮೇಲೆ ಒಣ ಹುಲ್ಲನ್ನೋ ತರಗೆಲೆಯನ್ನೋ ನಾಲ್ಕು ಬೆರಳು ದಪ್ಪ ಹೊದಿಸಿ. ಒಣ ಮಣ್ಣಿನ ಮೇಲೆ ಹೊದಿಸಿದರೆ ಆಗೊಮ್ಮೆ ಈಗೊಮ್ಮೆ ಬೀಳುವ ಚಿಕ್ಕ ಮಳೆಯನ್ನು ಹೊದಿಕೆಯೇ ಕುಡಿದುಬಿಡುತ್ತದೆ. ಇನ್ನು, ಮಧ್ಯಾಹ್ನ ಕುಂಬಳದ ಎಲೆ ಜೋಲುಬಿದ್ದರೆ ಗಾಬರಿಯಿಂದ ಓಡಬೇಡಿ. ಬೆಳಿಗ್ಗೆಯೂ ಜೋತೇ ಇದ್ದರೆ ಆಗ ಓಡಿ.

ನೀವು ಕೇಳಲಿಲ್ಲ, ಆದರೆ ಮುಂದಿನ ತಿಂಗಳು ಕೇಳಿಯೇ ಕೇಳುತ್ತೀರಿ: ಟೊಮೆಟೊ ಕಾಯಿಯ ತಳ ಕಪ್ಪಾಗಿ ಗುಳಿ ಬೀಳುವುದೇಕೆ? ಅದು ಕಾಯಿಗೆ ಕ್ಯಾಲ್ಸಿಯಂ ಸಾಲದೆ ಬರುವ ತೊಂದರೆಯೆಂಬುದು ನಿಜ. ಆದರೆ ಬಹುತೇಕ ಮಡಿಗಳ ಮಣ್ಣಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟು ಇರುತ್ತದೆ. ಬೇರಿನಿಂದ ಮೇಲಕ್ಕೆ ಹರಿಯುವ ನೀರೇ ಅದನ್ನು ಹೊತ್ತೊಯ್ಯಬೇಕು. ನೀರು ಕಡಿಮೆಯಾದಾಗ ಬಂದದ್ದರಲ್ಲಿ ಹೆಚ್ಚಿನ ಪಾಲನ್ನು ಎಲೆಗಳು ಎಳೆದುಕೊಳ್ಳುತ್ತವೆ, ಆವಿಯನ್ನು ಹೆಚ್ಚು ಬಿಡದ ಕಾಯಿ ಬರಿಗೈಯಲ್ಲಿ ಉಳಿಯುತ್ತದೆ, ಅದರಲ್ಲೂ ತೊಟ್ಟಿನಿಂದ ದೂರದಲ್ಲಿರುವ ತಳ. ಮಣ್ಣಿನ ತೇವ ಒಮ್ಮೆ ಏರಿ ಒಮ್ಮೆ ಪೂರ್ತಿ ಇಳಿಯದಂತೆ ನೋಡಿಕೊಂಡರೆ ಮುಂದೆ ಕಚ್ಚುವ ಕಾಯಿಗಳು ಚೆನ್ನಾಗಿ ಬರುತ್ತವೆ. ಬುಡಕ್ಕೆ ಹಾಕಿದ ಮೊಟ್ಟೆಯ ಚಿಪ್ಪು ಕರಗುವ ಹೊತ್ತಿಗೆ ಈ ಸಲದ ಟೊಮೆಟೊ ಮುಗಿದಿರುತ್ತದೆ.