ಮಾವನ ಅನ್ನ, ಮನೆಯಳಿಯನ ವಾದ

ಧಾರಾವಾಹಿಗಳಿಗೆ ಸಂಭಾಷಣೆ ಬರೆಯುವ ನಮ್ಮ ಕೋಣೆಯಲ್ಲಿ ಆಗಾಗ ಒಂದು ಬೇಡಿಕೆ ಏಳುತ್ತದೆ: ‘ಮೇಡಂ, ಈ ವಾರ ಸಮಾಜಕ್ಕೆ ಒಂದು ಸಂದೇಶ ಕೊಡೋಣ.’ ಮಹಿಳಾ ದಿನಾಚರಣೆಯೋ ವಾಹಿನಿಯ ವಾರ್ಷಿಕೋತ್ಸವವೋ ಹತ್ತಿರದಲ್ಲಿರುತ್ತದೆ. ಕೂಡಲೇ ಅತ್ತೆಯ ಬಾಯಿಗೆ ಒಂದೂವರೆ ಪುಟದ ಭಾಷಣ ತುರುಕಲಾಗುತ್ತದೆ. ಹಿನ್ನೆಲೆಯಲ್ಲಿ ಕೊಳಲು ನುಡಿಯುತ್ತದೆ, ಕ್ಯಾಮೆರಾ ಮನೆಮಂದಿಯ ಒದ್ದೆ ಕಣ್ಣುಗಳ ಮೇಲೆ ಒಂದು ಸುತ್ತು ಹಾಕುತ್ತದೆ. ಸೋಮವಾರದ ಸಂಚಿಕೆಯಲ್ಲಿ ಅದೇ ಅತ್ತೆ ಸೊಸೆಯ ಹಾಲಿಗೆ ಏನನ್ನೋ ಬೆರೆಸುತ್ತಿರುತ್ತಾಳೆ.

ಹೊಸದಾಗಿ ಬರೆಯಲು ಬಂದವರಿಗೆ ನಾನು ತೋರಿಸುವುದು ಅರ್ಧ ಶತಮಾನಕ್ಕೂ ಹಳೆಯದಾದ ಅಮೆರಿಕದ ಒಂದು ಹಾಸ್ಯ ಧಾರಾವಾಹಿಯನ್ನು. ನಾರ್ಮನ್ ಲಿಯರ್ ರೂಪಿಸಿದ ‘ಆಲ್ ಇನ್ ದ ಫ್ಯಾಮಿಲಿ’ 1971ರ ಜನವರಿಯಲ್ಲಿ ಸಿಬಿಎಸ್ ವಾಹಿನಿಯಲ್ಲಿ ಶುರುವಾಗಿ 1979ರವರೆಗೆ ಒಂಬತ್ತು ಸರಣಿ ನಡೆಯಿತು. ಮೂಲ ಎಳೆ ಬಿಬಿಸಿಯ ಒಂದು ಹಾಸ್ಯ ಧಾರಾವಾಹಿಯದು. ಅದಕ್ಕೂ ಮೊದಲು ಎಬಿಸಿ ವಾಹಿನಿ ಎರಡು ಬಾರಿ ಮಾದರಿ ಸಂಚಿಕೆ ಮಾಡಿಸಿ, ಎರಡು ಬಾರಿಯೂ ಬೇಡವೆಂದಿತ್ತು. ಸಿಬಿಎಸ್‌ಗೂ ಧೈರ್ಯ ಅಷ್ಟಕ್ಕಷ್ಟೇ. ನಮ್ಮ ಪೂರ್ವಗ್ರಹಗಳನ್ನು ನಗೆಯ ಬೆಳಕಿನಲ್ಲಿ ನೋಡುವುದಷ್ಟೇ ಉದ್ದೇಶ ಎಂಬ ಅರ್ಥದ ಸೂಚನೆಯನ್ನು ಮೊದಲೇ ಪರದೆಯ ಮೇಲೆ ಹಾಕಿಕೊಂಡಿತು. ಆಮೇಲೆ ಸತತ ಐದು ವರ್ಷ ಇಡೀ ದೇಶದಲ್ಲಿ ಅತಿ ಹೆಚ್ಚು ಜನ ನೋಡಿದ ಕಾರ್ಯಕ್ರಮ ಅದೇ.

ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಒಂದು ಸಾಧಾರಣ ಮನೆ. ಸರಕು ಇಳಿಸಿ ಏರಿಸುವ ಕಟ್ಟೆಯಲ್ಲಿ ಮೇಸ್ತ್ರಿಯಾಗಿರುವ ಆರ್ಚಿ ಬಂಕರ್‌ಗೆ ಕರಿಯರೆಂದರೆ ಆಗದು, ಯೆಹೂದಿಗಳೆಂದರೆ ಆಗದು, ಉದ್ದ ಕೂದಲಿನ ಹುಡುಗರೆಂದರೆ ಉರಿ. ಹೆಂಡತಿ ಈಡಿತ್‌ಳನ್ನು ಮಾತು ಮಾತಿಗೂ ಬಾಯಿ ಮುಚ್ಚಿಸುತ್ತಾನೆ. ಮಗಳು ಗ್ಲೋರಿಯಾ. ಅವಳ ಗಂಡ ಮೈಕ್ ಓದುತ್ತಿರುವ ಹುಡುಗ, ಸಮಾನತೆಯ ಪರ, ಯುದ್ಧದ ವಿರೋಧಿ.

ಈ ಮೈಕ್‌ನನ್ನು ನಮ್ಮ ಹುಡುಗರಿಗೆ ಪರಿಚಯಿಸುವುದು ಸುಲಭ. ಅವನು ಮನೆಯಳಿಯ. ಮಾವನ ಅನ್ನವನ್ನು ಎರಡೆರಡು ಸಲ ಬಡಿಸಿಕೊಳ್ಳುತ್ತಾ ಮಾವನಿಗೇ ನ್ಯಾಯದ ಪಾಠ ಹೇಳುತ್ತಾನೆ. ಹೆಂಡತಿ ತನ್ನ ಸಮಾನತೆ ಕೇಳಿದಾಗ ಮಾತ್ರ ಸಿಡುಕುತ್ತಾನೆ. ಲಿಯರ್ ತಂಡದ ಜಾಣತನವೆಲ್ಲ ಇಲ್ಲಿದೆ ಎಂದು ನನ್ನ ಎಣಿಕೆ. ಸರಿಯಾದ ಮಾತು ಆಡುವವನ ಕೈಯಲ್ಲಿ ಬಾಡಿಗೆ ಕೊಡಲು ಕಾಸಿಲ್ಲ, ತಪ್ಪು ಮಾತು ಆಡುವವನು ದುಡಿದು ತಂದು ಎಲ್ಲರಿಗೂ ಹಾಕುತ್ತಾನೆ. ಹೀಗಿರುವಾಗ ಊಟದ ಮೇಜಿನ ಮೇಲೆ ಯಾವ ವಿಷಯ ಬಿದ್ದರೂ ಅದು ಭಾಷಣವಾಗುವುದಿಲ್ಲ, ಜಗಳವಾಗುತ್ತದೆ. ಬೆಂಗಳೂರಿಗೆ ಈ ವಿದ್ಯೆ ತೀರಾ ಹೊಸದೇನಲ್ಲ; ಟಿ.ಪಿ. ಕೈಲಾಸಂ ನೂರು ವರ್ಷದ ಹಿಂದೆಯೇ ಮನೆಯ ಹಜಾರವನ್ನು ರಂಗಕ್ಕೆ ತಂದು, ನಗಿಸುತ್ತಲೇ ಚುಚ್ಚಿದ್ದರು.

ಆದರೆ ನಾಟಕಕ್ಕೆ ಸಿಗದ ಒಂದು ಸವಲತ್ತು ಧಾರಾವಾಹಿಗಿದೆ: ವರ್ಷಗಳು. ಮೊದಲ ಸರಣಿಯಲ್ಲಿ ಪಕ್ಕದ ಮನೆಯನ್ನು ಒಂದು ಕರಿಯರ ಕುಟುಂಬ ಕೊಳ್ಳುತ್ತದೆ. ತಡೆಯಲು ಆರ್ಚಿ ಓಡಾಡುತ್ತಾನೆ. ಬರುತ್ತಿರುವುದು ತನಗೆ ಚೆನ್ನಾಗಿ ಗೊತ್ತಿರುವ ಹುಡುಗ ಲಯೊನೆಲ್ ಜೆಫರ್ಸನ್‌ನ ಮನೆಯವರೇ ಎಂದು ಆಮೇಲೆ ತಿಳಿಯುತ್ತದೆ. ಅಂದಿಗೆ ಅದೊಂದು ಸಂಚಿಕೆಯ ನಗೆ. 1975ರಲ್ಲಿ ಜೆಫರ್ಸನ್ ಕುಟುಂಬ ವ್ಯಾಪಾರದಲ್ಲಿ ಕುದುರಿಕೊಂಡು ಮ್ಯಾನ್‌ಹಟನ್‌ಗೆ, ತನ್ನದೇ ಬೇರೆ ಧಾರಾವಾಹಿಗೆ ಹೊರಟುಹೋಗುತ್ತದೆ. ಆ ಖಾಲಿ ಮನೆಗೆ ಬಾಡಿಗೆಗೆ ಬರುವವರು ಆರ್ಚಿಯ ಮಗಳು, ಅಳಿಯ! ಯಾರು ಬರಬಾರದೆಂದು ಆರ್ಚಿ ಹಟ ಹಿಡಿದಿದ್ದನೋ ಅವರೇ ಈಗ ಅವನ ಮಗಳಿಗೆ ಮನೆ ಮಾಲೀಕರು. ಈ ತಿರುವಿಗೆ ಯಾವ ವಿವರಣೆಯನ್ನೂ ಬರೆಯಬೇಕಾಗಿರಲಿಲ್ಲ. ನಾಲ್ಕು ವರ್ಷದಿಂದ ನೋಡಿಕೊಂಡು ಬಂದ ಪ್ರೇಕ್ಷಕರಿಗೆ ಎಲ್ಲವೂ ನೆನಪಿತ್ತು.

ಇನ್ನೊಂದು ಎಳೆ ಇದಕ್ಕಿಂತ ಗಟ್ಟಿ. 1973ರಲ್ಲಿ ಗ್ಲೋರಿಯಾಳ ಮೇಲೆ ಬೀದಿಯಲ್ಲಿ ಲೈಂಗಿಕ ದಾಳಿಯಾಗುತ್ತದೆ. ಮನೆಗೆ ಬಂದ ಪತ್ತೇದಾರ, ನ್ಯಾಯಾಲಯದಲ್ಲಿ ಆರೋಪಿಯ ಪರ ವಕೀಲರು ಅವಳನ್ನು ಹೇಗೆಲ್ಲ ಕೇಳುತ್ತಾರೆಂದು ತಾನೇ ಕೇಳಿ ತೋರಿಸುತ್ತಾನೆ. ಕೊನೆಗೆ ಮನೆಯವರು ದೂರು ಕೊಡುವುದಿಲ್ಲ. ಸಂಚಿಕೆ ಆ ಸೋಲಿನಲ್ಲೇ ಮುಗಿಯುತ್ತದೆ. 1977ರ ಅಕ್ಟೋಬರ್‌ನಲ್ಲಿ ಈಡಿತ್‌ಳ ಐವತ್ತನೆಯ ಹುಟ್ಟುಹಬ್ಬ. ಪಕ್ಕದ ಮಗಳ ಮನೆಯಲ್ಲಿ ಗುಟ್ಟಾಗಿ ಸಮಾರಂಭದ ತಯಾರಿ ನಡೆದಿದೆ, ಇತ್ತ ಅವಳೊಬ್ಬಳೇ. ಪತ್ತೇದಾರನೆಂದು ಹೇಳಿಕೊಂಡು ಒಳಬಂದವನು ಅವಳ ಮೇಲೆ ಅತ್ಯಾಚಾರಕ್ಕೆ ಯತ್ನಿಸುತ್ತಾನೆ. ಅಷ್ಟರಲ್ಲಿ ಓವನ್‌ನೊಳಗಿನ ಕೇಕ್ ಸೀಯುತ್ತದೆ. ಅದನ್ನು ತೆಗೆಯುವ ನೆಪದಲ್ಲಿ ಈಡಿತ್ ಸುಡುವ ಕೇಕನ್ನೇ ಅವನ ಮುಖಕ್ಕೆ ಅಪ್ಪಳಿಸಿ, ಅವನನ್ನು ಹೊರದಬ್ಬಿ ಪಾರಾಗುತ್ತಾಳೆ. ಚಿತ್ರೀಕರಣ ಪ್ರೇಕ್ಷಕರ ಎದುರಿಗೇ ನಡೆಯುತ್ತಿತ್ತು. ಆ ಕ್ಷಣದಲ್ಲಿ ಸಭಾಂಗಣ ಸ್ಫೋಟಿಸಿದಂತೆ ಕೂಗುವುದನ್ನು ಈಗಲೂ ಕೇಳಬಹುದು. ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಕೇವಲ ಸಾಹಸ. ಎರಡನೆಯ ಭಾಗ ಇರುವುದು ಆಮೇಲಿನ ಭಯದ ಬಗ್ಗೆ: ಅವಳು ಮನೆಯಿಂದ ಆಚೆ ಕಾಲಿಡಲಾರಳು, ಪೊಲೀಸರ ಬಳಿ ಹೋಗಲಾರಳು. ಅವಳ ಮೇಲೆ ರೇಗಿ, ಜಗಳವಾಡಿ, ಕೊನೆಗೂ ಅವಳು ಠಾಣೆಗೆ ಹೊರಡುವಂತೆ ಮಾಡುವವಳು ಗ್ಲೋರಿಯಾ. ಮೂರನೆಯ ಸರಣಿಯ ಸೋಲಿಗೆ ಎಂಟನೆಯ ಸರಣಿಯಲ್ಲಿ ಉತ್ತರ. ಈಡಿತ್‌ಳನ್ನು ಏಳು ವರ್ಷ ಮನೆಯವಳಂತೆ ಬಲ್ಲವರಿಗೆ ಅಲ್ಲಿ ನಡೆಯುತ್ತಿದ್ದುದು ಒಂದು ‘ವಿಷಯ’ವಾಗಿರಲಿಲ್ಲ.

1978ರ ಫೆಬ್ರುವರಿಯ ಒಂದು ಸಂಚಿಕೆಯಲ್ಲಿ ಮಾವ ಅಳಿಯ ಇಬ್ಬರೂ ಬಾರ್‌ನ ಉಗ್ರಾಣದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಕುಡಿದ ಆರ್ಚಿ ಬಾಲ್ಯವನ್ನು ಬಿಚ್ಚುತ್ತಾನೆ. ಬಡತನದ ದಿನಗಳಲ್ಲಿ ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಬೂಟು ಹಾಕಿಕೊಂಡು ಶಾಲೆಗೆ ಹೋದದ್ದು, ಹುಡುಗರು ಅಡ್ಡಹೆಸರು ಇಟ್ಟದ್ದು, ಕರಿಯರ ಬಗೆಗಿನ ಕೆಟ್ಟ ಮಾತುಗಳನ್ನೆಲ್ಲ ಅಪ್ಪನಿಂದ ಕಲಿತದ್ದು. ನಿಮ್ಮಪ್ಪ ಹೇಳಿದ್ದು ತಪ್ಪು ಎನ್ನುತ್ತಾನೆ ಮೈಕ್. ಹೊಡೆದ ಅಪ್ಪ, ಕತ್ತಲ ಕೋಣೆಯಲ್ಲಿ ಕೂಡಿಹಾಕಿದ ಅಪ್ಪ, ಅದನ್ನೆಲ್ಲ ಪ್ರೀತಿಯಿಂದಲೇ ಮಾಡಿದ ಎಂದು ಆರ್ಚಿ ಸಾಧಿಸುತ್ತಾನೆ. ಇದನ್ನು ಮೊದಲ ವರ್ಷವೇ ಬರೆದಿದ್ದರೆ ಆರ್ಚಿಯ ಪರ ವಕಾಲತ್ತಿನಂತೆ ಕೇಳಿಸುತ್ತಿತ್ತು.

ಇಷ್ಟೆಲ್ಲ ಮಾಡಿದ ಮೇಲೂ ಪ್ರಶ್ನೆ ಉಳಿಯುತ್ತದೆ. ನೀಲ್ ವಿಡ್ಮರ್ ಮತ್ತು ಮಿಲ್ಟನ್ ರೋಕೀಚ್ ಎಂಬ ಸಂಶೋಧಕರು 1974ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪೂರ್ವಗ್ರಹ ಹೆಚ್ಚಿದ್ದ ಪ್ರೇಕ್ಷಕರು ಆರ್ಚಿಯನ್ನೇ ಮೆಚ್ಚುತ್ತಿದ್ದರು, ವಾದದಲ್ಲಿ ಗೆದ್ದವನು ಅವನೇ ಎಂದುಕೊಳ್ಳುತ್ತಿದ್ದರು. ಇದನ್ನು ಕೇಳಿ ಒಬ್ಬ ಹುಡುಗ ‘ಹಾಗಾದರೆ ಭಾಷಣವೇ ವಾಸಿ ಅಲ್ಲವೇ ಮೇಡಂ’ ಎಂದ. ಭಾಷಣ ಬಂದಾಗ ನಮ್ಮ ಪ್ರೇಕ್ಷಕರು ಒಗ್ಗರಣೆಗೆ ಎದ್ದುಹೋಗುತ್ತಾರೆ ಕಣಪ್ಪ ಎಂದೆ. ಆರ್ಚಿಯನ್ನು ನೋಡಿ ತಪ್ಪಾಗಿ ನಕ್ಕವರು ಕೊನೆಯ ಪಕ್ಷ ಕುರ್ಚಿಯಲ್ಲೇ ಇದ್ದರು, ಮುಂದಿನ ವಾರ ಕೇಕ್ ಸೀಯುವಾಗಲೂ ಇದ್ದರು.

ನಮ್ಮೂರಿಗೆ ಇದನ್ನು ಒಗ್ಗಿಸಲು ನಾನು ಕೊಡುವ ಅಭ್ಯಾಸ ಒಂದು ಬಾಡಿಗೆ ಮನೆ. ರಾಜಾಜಿನಗರದಲ್ಲಿ ಮೇಲಿನ ಮನೆ ಖಾಲಿ ಇದೆ. ಮಾಲೀಕರು ಒಳ್ಳೆಯವರು: ಬಂದವರಿಗೆ ಕಾಫಿ ಕೊಡುತ್ತಾರೆ, ಮುಂಗಡದಲ್ಲಿ ಚೌಕಾಸಿಗೂ ಒಪ್ಪುತ್ತಾರೆ, ಕಾವೇರಿ ನೀರು ಬರುವ ಹೊತ್ತನ್ನೂ ಹೇಳುತ್ತಾರೆ. ಲೋಟ ಕೆಳಗಿಡುವ ಹೊತ್ತಿಗೆ, ತೀರಾ ಮೆಲುದನಿಯಲ್ಲಿ, ‘ನೀವು ಯಾವ ಕಡೆಯವರು? ಊಟ ತಿಂಡಿ ಹೇಗೆ?’ ನಗರದಲ್ಲಿ ಮನೆ ಹುಡುಕಿದವರಿಗೆಲ್ಲ ಈ ದನಿ ಗೊತ್ತು. ಹುಡುಗರ ಮೊದಲ ಕರಡಿನಲ್ಲಿ ಬಂದವನು ಎದ್ದು ನಿಂತು ಬಸವಣ್ಣನ ವಚನ ಹೇಳುತ್ತಾನೆ, ಮಾಲೀಕರು ಕಣ್ಣೀರು ಹಾಕುತ್ತಾರೆ. ಅದನ್ನು ಹೊಡೆದುಹಾಕಿ ಕೇಳುತ್ತೇನೆ: ಮಾಲೀಕರ ಮನೆಯಲ್ಲಿ ಯಾರಿಗೆ ಆ ಬಾಡಿಗೆ ತುರ್ತಾಗಿ ಬೇಕು? ಅವರ ಮಗ ಯಾವ ಹೋಟೆಲಿನಲ್ಲಿ ಕದ್ದು ಬಿರಿಯಾನಿ ತಿನ್ನುತ್ತಾನೆ? ಬಂದವನು ಮನೆ ಸಿಗಲೆಂದು ಒಂದು ಸುಳ್ಳು ಹೇಳಿದರೆ, ಆ ಸುಳ್ಳು ನೂರನೆಯ ಸಂಚಿಕೆಯಲ್ಲಿ ಯಾರ ತಲೆಯ ಮೇಲೆ ಬೀಳುತ್ತದೆ?

ಕೊನೆಯ ಪ್ರಶ್ನೆಗೆ ಉತ್ತರ ಬರೆಯಲು ನಮಗೆ ಪುರಸೊತ್ತಿಲ್ಲ ಎಂಬುದೂ ನಿಜ. ಅವರು ಇನ್ನೂರು ಚಿಲ್ಲರೆ ಸಂಚಿಕೆಗಳನ್ನು ಒಂಬತ್ತು ವರ್ಷದಲ್ಲಿ ಮಾಡಿದರು. ವಾರಕ್ಕೆ ಐದಾರು ಸಂಚಿಕೆಯ ಲೆಕ್ಕದಲ್ಲಿ ನಾವು ಅಷ್ಟನ್ನು ಒಂಬತ್ತು ತಿಂಗಳಲ್ಲಿ ಮುಗಿಸುತ್ತೇವೆ. ಬೆಳಗ್ಗೆ ಬರೆದ ದೃಶ್ಯ ಮಧ್ಯಾಹ್ನ ಶೂಟಿಂಗ್ ಮನೆಯಲ್ಲಿರುತ್ತದೆ. ಆದರೂ ಸಾವಿರ ಸಂಚಿಕೆ ದಾಟಿದ ಧಾರಾವಾಹಿಗಳು ನಮ್ಮಲ್ಲಿವೆ. ಅವುಗಳ ಹಳೆಯ ಸಂಚಿಕೆಗಳಲ್ಲಿ ಬಿಟ್ಟುಹೋದ ಎಳೆಗಳನ್ನು ಹುಡುಕಲು ಒಬ್ಬ ಸಹಾಯಕನನ್ನು ಇಟ್ಟುಕೊಂಡರೆ ಸಾಕು. ಆ ಸಂಬಳವನ್ನು ವಾಹಿನಿಯಿಂದ ಕೇಳಿ ನೋಡಿದ್ದೇನೆ, ಸಿಕ್ಕಿಲ್ಲ.

ಲಿಯರ್ ಕಟ್ಟಿದ ಯಂತ್ರ ಎಲ್ಲಿ ನಿಂತಿತೆಂಬುದನ್ನೂ ಹುಡುಗರಿಗೆ ತೋರಿಸುತ್ತೇನೆ. 1978ರಲ್ಲಿ, ಎಂಟನೆಯ ಸರಣಿಯ ಕೊನೆಯಲ್ಲಿ, ಮಗಳು ಅಳಿಯ ಕ್ಯಾಲಿಫೋರ್ನಿಯಾಗೆ ಹೊರಟುಹೋದರು. ಒಂಬತ್ತನೆಯ ಸರಣಿಗೆ ಒಂದು ಪುಟ್ಟ ಹುಡುಗಿಯನ್ನು ಮನೆಗೆ ತಂದರು. ನಗು ಇತ್ತು, ಜನ ನೋಡಿದರು ಕೂಡ. ಆದರೆ ತನ್ನದೇ ಅನ್ನ ಉಂಡು ಎದುರು ಮಾತಾಡುವವನೇ ಇಲ್ಲದ ಮೇಲೆ ಆರ್ಚಿಯ ಬಾಯಿ ಚಪಲವಷ್ಟೇ ಉಳಿಯಿತು. ನಮ್ಮಲ್ಲಾಗಿದ್ದರೆ ಮೈಕ್‌ನ ಪಾತ್ರಕ್ಕೆ ಮರುದಿನವೇ ಬೇರೊಬ್ಬ ನಟ ಬರುತ್ತಿದ್ದ, ‘ಇನ್ನು ಮುಂದೆ ಈ ಪಾತ್ರದಲ್ಲಿ’ ಎಂಬ ಪಟ್ಟಿಯೊಂದಿಗೆ.