ಕಂದು ಗೆರೆ ಹೇಳುವ ನೀರಿನ ದಾರಿ

ಜಲಾನಯನ ಕೆಲಸಕ್ಕೆ ಹೊಸದಾಗಿ ಸೇರಿದವರ ಮುಂದೆ ನಾನು ಎರಡು ನಕ್ಷೆ ಹರವುತ್ತೇನೆ. ಒಂದು ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟ್, ಅಂದರೆ ನೆಲದ ಏರುತಗ್ಗು ತೋರಿಸುವ ನಕ್ಷೆ. ಅದರ 2 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ. ಇನ್ನೊಂದು ಗ್ರಾಮ ನಕ್ಷೆ. ಅದು ಸಾಮಾನ್ಯವಾಗಿ 1:7,920, ಅಂದರೆ 1 ಮೈಲಿಗೆ 8 ಇಂಚು. ದೊಡ್ಡ ಪ್ರಮಾಣದ ನಕ್ಷೆ ಯಾವುದು ಅಂತ ಕೇಳಿದರೆ ಬಹಳ ಮಂದಿ ಐವತ್ತು ಸಾವಿರದ ಕಡೆ ಕೈ ತೋರಿಸುತ್ತಾರೆ. ಅದು ತಪ್ಪು. ಆ ಸಂಖ್ಯೆ ಚಿಕ್ಕದಾದಷ್ಟೂ ಪ್ರಮಾಣ ದೊಡ್ಡದು. ಸರ್ವೆ ನಂಬರು, ಬಂಡಿದಾರಿ ಬಿಡಿಯಾಗಿ ಕಾಣುವುದು ಗ್ರಾಮ ನಕ್ಷೆಯಲ್ಲೇ. ಆದರೆ ಅದರಲ್ಲಿ ಏರುತಗ್ಗು ಇರುವುದಿಲ್ಲ. ನೀರಿನ ಕೆಲಸಕ್ಕೆ ಮೊದಲು ಬೇಕಾದದ್ದೇ ಅದು.

ಏರುತಗ್ಗು ತಿಳಿಸುವುದು ಟೋಪೋಶೀಟಿನ ಕಂದು ಗೆರೆಗಳು. ಶಾಲೆಯ ಪುಸ್ತಕ ಇವನ್ನು ಸಮೋನ್ನತಿ ರೇಖೆ ಅನ್ನುತ್ತದೆ. ರೈತರಿಗೆ ಗೊತ್ತಿರುವ 'ಸಮಪಾತಳಿ ಬದು'ವಿನ ಸಮಪಾತಳಿಯೂ ಇದೇ. ಸಮುದ್ರ ಮಟ್ಟದಿಂದ ಒಂದೇ ಎತ್ತರದಲ್ಲಿರುವ ಜಾಗಗಳನ್ನು ಕೂಡಿಸಿದ ಗೆರೆ. ಗೆರೆಯಿಂದ ಗೆರೆಗೆ ಎತ್ತರದಲ್ಲಿ ಸಾಮಾನ್ಯವಾಗಿ 20 ಮೀಟರ್ ಅಂತರ, ಐದಕ್ಕೊಂದು ದಪ್ಪ ಗೆರೆ. ಎರಡರ ನಡುವೆ ಕಾಗದದ ಮೇಲೆ 1 ಸೆಂ.ಮೀ. ಇದ್ದರೆ 500 ಮೀಟರಿಗೆ 20 ಮೀಟರ್ ಇಳಿಕೆ, ಶೇ. 4ರ ಇಳಿಜಾರು. ಅಲ್ಲಿ ಬದು ಹಾಕಬಹುದು. 2 ಮಿ.ಮೀ. ಮಾತ್ರ ಇದ್ದರೆ ಶೇ. 20. ಅಂಥ ಕಡೆ ಬದು ಬಿಟ್ಟು ಕಂದಕ, ಗಿಡಗಳ ಯೋಚನೆ ಮಾಡಬೇಕು.

ಗೆರೆಗಳು 'ವಿ' ಆಕಾರದಲ್ಲಿ ಬಾಗುವ ಕಡೆ ಹೊಸಬರು ಎಡವುತ್ತಾರೆ. ಹಳ್ಳವೂ ಹಾಗೆಯೇ ಕಾಣುತ್ತದೆ, ಗುಡ್ಡದಿಂದ ಚಾಚಿಕೊಂಡ ದಿಣ್ಣೆಯೂ ಹಾಗೆಯೇ. ಗೆರೆಗಳ ಎತ್ತರದ ಅಂಕಿ ಓದಬೇಕು: 'ವಿ'ಯ ಮೊನೆ ಹೆಚ್ಚಿನ ಅಂಕಿಯ ಕಡೆ ತಿರುಗಿದ್ದರೆ ಹಳ್ಳ, ಕಡಿಮೆ ಅಂಕಿಯ ಕಡೆ ತಿರುಗಿದ್ದರೆ ದಿಣ್ಣೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಅಂಕಿ ಓದದೆ ಬರೀ ಆಕಾರ ನೋಡಿ ಕೃಷಿಹೊಂಡಕ್ಕೆ ಗೂಟ ಹೊಡೆಸಿದ್ದೆ. ಹೊಲದ ಯಜಮಾನರು ಬಂದು ನೋಡಿ, "ಸ್ವಾಮಿ, ಇದು ದಿಣ್ಣೆ. ಮಳೆನೀರು ಇಲ್ಲಿಂದ ಆ ಕಡೆ ಈ ಕಡೆ ಒಡೆದು ಹೋಗ್ತದೆ, ಇಲ್ಲಿಗೆ ಬರಲ್ಲ" ಅಂದರು. ನಾವು ಜಲವಿಭಾಜಕ ಅನ್ನುವುದನ್ನೇ ಅವರು ಹೇಳಿದ್ದು. ಗೂಟ ಕಿತ್ತು ಕೆಳಗಿನ ಹಳ್ಳದ ಪಕ್ಕಕ್ಕೆ ಹೋದೆವು.

ಇನ್ನೊಂದು ವಿಷಯ. 20 ಮೀಟರಿನ ಎರಡು ಗೆರೆಗಳ ನಡುವೆ 15 ಮೀಟರಿನ ಗುಡ್ಡೆಯೇ ಅಡಗಿರಬಹುದು. ಹಾಗಾಗಿ ಬದು ಹಾಕುವ ದಿನ ಗಾರೆಯವರು ಬಳಸುವಂಥ ಲೆವೆಲ್ ಪೈಪು ಹಿಡಿದು ಹೊಲಕ್ಕಿಳಿಯುತ್ತೇವೆ. ಎರಡು ಕೋಲು, ನಡುವೆ ನೀರು ತುಂಬಿದ ತೆಳ್ಳನೆಯ ಪೈಪು. ಎರಡೂ ಕೋಲುಗಳಲ್ಲಿ ನೀರು ಒಂದೇ ಗುರುತಿಗೆ ನಿಂತ ಕಡೆಯೆಲ್ಲ ಸುಣ್ಣ ಉದುರಿಸುತ್ತ ನಡೆದರೆ ಸಮಪಾತಳಿ ಗೆರೆ ಮಣ್ಣಿನ ಮೇಲೇ ಮೂಡುತ್ತದೆ.